ಬೆಕ್ಕಿಗೆ ಡಾಕ್ಟರು, ಬೆಳೆಗೊಂದು ಸಲ

ಗೌರಿಬಿದನೂರಿನ ನಮ್ಮ ತವರಿನಲ್ಲಿ ಬೆಕ್ಕಿಗೆ ಸೋಫಾದ ಮೇಲೆ ಜಾಗವಿತ್ತು. ಸಾದಲಿ ಹತ್ತಿರದ ಗಂಡನ ಮನೆಯಲ್ಲಿ ಅದಕ್ಕೆ ಕೆಲಸ ಕಾದಿತ್ತು. ಮದುವೆಯಾದ ಹೊಸದರಲ್ಲಿ ನನ್ನ ಬೂದು ಬೆಕ್ಕನ್ನು ಬುಟ್ಟಿಯಲ್ಲಿ ಹೊತ್ತು ತಂದಾಗ ಅತ್ತೆ ಅದನ್ನು ಮೇಲಿಂದ ಕೆಳಗೆ ನೋಡಿ ಕೇಳಿದ್ದು ಒಂದೇ ಮಾತು.

"ಇಲಿ ಹಿಡೀತಾಳಾ?"

ಹೂಂ ಅಂದುಬಿಟ್ಟೆ. ಅಲ್ಲಿಯವರೆಗೆ ಅವಳು ಹಿಡಿದಿದ್ದ ದೊಡ್ಡ ಬೇಟೆಯೆಂದರೆ ನಮ್ಮಮ್ಮನ ಉಲ್ಲನ್ ಉಂಡೆ.

ನಮ್ಮದು ರೇಷ್ಮೆ ಬೆಳೆಯುವ ಮನೆ. ಹುಳುಮನೆಗೆ ಇಲಿ ಹೊಕ್ಕರೆ ಹುಳುವನ್ನೂ ತಿನ್ನುತ್ತದೆ, ಗೂಡನ್ನೂ ಕಡಿಯುತ್ತದೆ. ನನ್ನ ಪುಣ್ಯ, ಸೋಫಾದ ರಾಣಿ ತಿಂಗಳೊಳಗೆ ಹುಳುಮನೆಯ ಕಾವಲುಗಾರ್ತಿಯಾದಳು. ಅತ್ತೆ ಹೊಗಳಲಿಲ್ಲ. ಅವರು ಯಾರನ್ನೂ ಹೊಗಳುವವರಲ್ಲ. ಬೆಳಗ್ಗೆ ಎದ್ದು ತಟ್ಟೆ ತಟ್ಟೆಗೂ ಬಗ್ಗಿ, ಯಾವ ಹುಳು ಸೊಪ್ಪು ತಿನ್ನುತ್ತಿದೆ, ಯಾವುದು ತಲೆಯೆತ್ತಿ ಸುಮ್ಮನೆ ಕೂತಿದೆ ಎಂದು ನೋಡುತ್ತಾ ಹೋಗುವುದೇ ಅವರಿಗೆ ಪೂಜೆ. ಮೇವು ಬಿಟ್ಟಿದೆ ಅಂದರೆ ಒಳಗೇನೋ ಆಗಿದೆ ಅನ್ನುವುದು ಅವರ ಲೆಕ್ಕ.

ಹೋದ ವರ್ಷ ಬೇಸಿಗೆಯ ಬೆಳೆಯಲ್ಲಿ ಬೆಕ್ಕಿಗೆ ಚಿಗಟ ಹತ್ತಿತು. ಕೆರೆದು ಕೆರೆದು ಕಿವಿಯ ಹಿಂದೆ ಗಾಯ ಮಾಡಿಕೊಂಡಳು. ಡಾಕ್ಟರಿಗೆ ತೋರಿಸೋಣ ಅಂದೆ. ಅತ್ತೆ ನಕ್ಕರು.

"ಬೆಕ್ಕಿಗೆ ಡಾಕ್ಟ್ರಾ? ನಾಲಿಗೆ ಐತಲ್ಲಮ್ಮ, ನೆಕ್ಕೊಂತಾಳೆ ಬಿಡು."

ನನಗೆ ಸಿಟ್ಟು ಬಂತು. ಹೊಸ ಸೊಸೆಯ ಸಿಟ್ಟು, ಹೊರಗೆ ಬರಲು ಧೈರ್ಯವಿಲ್ಲದ್ದು. ತಟ್ಟೆಯಲ್ಲಿ ಮುದ್ದೆ ಮುರಿದು ಸಾರಿನಲ್ಲಿ ಅದ್ದುವುದು, ಯಾರೂ ನೋಡದಾಗ ಎಮ್ಮೆಯ ಕಲಗಚ್ಚಿಗೆ ಹಾಕಿ ಬರುವುದು, ಹೀಗೆ ನಡೆಯಿತು. ಎರಡು ದಿನದ ಮೇಲೆ ಅತ್ತೆ ತಾವಾಗಿಯೇ ಸೀರೆ ಬದಲಿಸಿ ನಿಂತರು.

"ಹೊರಡು, ಶಿಡ್ಲಘಟ್ಟಕ್ಕೆ ಹೋಗಣ. ನಿನ್ನೊಬ್ಬಳನ್ನೇ ಕಳಿಸಿದ್ರೆ ಅದ್ಕೆ ಏನೇನೋ ಹಾಕಿಸ್ಕೊಂಡು ಬರ್ತೀಯ."

ದನದಾಸ್ಪತ್ರೆಯ ಡಾಕ್ಟರು ಚಿಕ್ಕ ವಯಸ್ಸಿನವರು. ಕಿವಿ ನೋಡಿದರು, ರೋಮ ಬಿಡಿಸಿ ನೋಡಿದರು, ಕತ್ತಿನ ಮೇಲೆ ಬಿಡುವ ಔಷಧಿಯನ್ನು ಕೈಗೆ ತೆಗೆದುಕೊಂಡರು. ಮುಚ್ಚಳ ತೆಗೆಯುವ ಮುಂಚೆ ಕೇಳಿದರು.

"ಮನೇಲಿ ರೇಷ್ಮೆಹುಳು ಇದಾವಾ?"

"ನಾಲ್ಕನೇ ಜ್ವರ ಎದ್ದವೆ," ಅಂದರು ಅತ್ತೆ. ಹುಳು ಪೊರೆ ಕಳಚುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ನಾಲ್ಕನೆಯದು ದಾಟಿತೆಂದರೆ ಗೂಡು ಕಟ್ಟುವ ದಿನ ಹತ್ತಿರ, ಬೆಳೆ ಹೆಚ್ಚುಕಮ್ಮಿ ಕೈಗೆ ಬಂದಂತೆ.

ಡಾಕ್ಟರು ಔಷಧಿಯನ್ನು ಮೇಜಿನ ಮೇಲೆ ಇಟ್ಟುಬಿಟ್ಟರು. "ಇದು ಚಿಗಟ ಕೊಲ್ಲೋ ಮದ್ದು. ಹುಳೂಗೂ ವಿಷಾನೇ. ಇದನ್ನ ಹಾಕಿದ್ರೆ ಬೆಕ್ಕು ಒಂದು ತಿಂಗಳು ನಿಮ್ಮ ಹುಳುಮನೆ ಕಡೆ ಸುಳೀಬಾರದು. ಇಲ್ಲಾಂದ್ರೆ ಬೆಳೆ ಮುಗಿದ್ಮೇಲೆ ಕರ್ಕೊಂಡು ಬನ್ನಿ."

ಬೆಕ್ಕನ್ನು ಹೊರಗಿಟ್ಟರೆ ಇಲಿಗಳಿಗೆ ಹಬ್ಬ. ಮದ್ದಿಲ್ಲದೆ ಒಳಗಿಟ್ಟರೆ ಬೆಳೆ ಮುಗಿಯುವವರೆಗೂ ಅವಳಿಗೆ ನರಕ. ಅತ್ತೆ ಏನು ಹೇಳುತ್ತಾರೆಂದು ನನಗೆ ಗೊತ್ತೇ ಇತ್ತು. ಇಡೀ ಮನೆ ಹಗಲಿರುಳು ಸೊಪ್ಪು ಹೊತ್ತು ಸಾಕಿದ ಬೆಳೆ ಅದು. ಬುಟ್ಟಿ ಎತ್ತಿಕೊಳ್ಳಲು ಬಗ್ಗಿದೆ.

ಅತ್ತೆ ಒಮ್ಮೆ ನನ್ನ ಮುಖ ನೋಡಿದರು. ಆಮೇಲೆ ಡಾಕ್ಟರ ಕಡೆ ತಿರುಗಿದರು.

"ಹಾಕಿ ಸಾರ್."

ಆಸ್ಪತ್ರೆಯಿಂದ ಮನೆಗೆ ಹೋಗಲೇ ಇಲ್ಲ. ಚಿಂತಾಮಣಿಗೆ ಹೋಗಿ, ಅಲ್ಲಿಂದ ಬಸ್ಸು ಬದಲಿಸಿ ಕೈವಾರಕ್ಕೆ ಹೋದೆವು. ಅಲ್ಲಿ ಅತ್ತೆಯ ತಂಗಿಯ ಮನೆ. ಅವರು ಹುಳು ಸಾಕುವವರಲ್ಲ, ಬೆಕ್ಕಿಗೆ ಅಡ್ಡಿಯಿಲ್ಲ. ಚಿಕ್ಕತ್ತೆ ಬಾಗಿಲಲ್ಲೇ "ದಾ ತಲ್ಲಿ, ದಾ" ಎಂದು ತೆಲುಗಿನಲ್ಲಿ ಕರೆದು, ಬಟ್ಟಲ ತುಂಬ ಹಾಲು ಇಟ್ಟರು. ಕನ್ನಡದ ಬೆಕ್ಕು ತೆಲುಗಿನ ಹಾಲನ್ನು ಚೂರೂ ಬಿಡದೆ ನೆಕ್ಕಿತು. ಊರಿಗೆ ಮರಳಿದ ಮೇಲೆ ನಾವಿಬ್ಬರೂ ತಲೆಗೆ ಸ್ನಾನ ಮಾಡಿ, ಉಟ್ಟ ಸೀರೆಗಳನ್ನು ನೆನೆಸಿಟ್ಟು, ಆಮೇಲೆಯೇ ಹುಳುಮನೆಯ ಹೊಸಿಲು ಮೆಟ್ಟಿದ್ದು.

ಇನ್ನು ಬೆಕ್ಕಿನ ಕೆಲಸ ಯಾರು ಮಾಡಬೇಕು? ಅತ್ತೆ ಅದನ್ನು ಮಾವನವರಿಗೆ ವಹಿಸಿದರು. ಮಾವ ಕೋಲು, ಕುರ್ಚಿ, ಮೊಬೈಲು ಹಿಡಿದು ಹುಳುಮನೆಯ ಬಾಗಿಲಲ್ಲಿ ಕೂತರು. ಕೂತ ಸ್ವಲ್ಪ ಹೊತ್ತಿಗೇ ಗೊರಕೆ. ಅತ್ತೆ ಸೊಪ್ಪು ಹಾಕಲು ಬಂದವರು, "ಆ ಬೆಕ್ಕಾದ್ರೂ ಒಂದು ಕಣ್ಣು ಬಿಟ್ಕೊಂಡು ಮಲಗ್ತಿತ್ತು," ಎಂದು ಗೊಣಗಿ ಕೋಲಿನಿಂದ ಕುರ್ಚಿ ಕುಟ್ಟುವರು. ಇಲಿಗಳು ತಮ್ಮ ಪಾಲು ತಿಂದವು, ಸುಳ್ಳು ಹೇಳುವುದಿಲ್ಲ. ಆದರೂ ಹುಳು ಹಣ್ಣಾಗಿ, ಗೂಡು ಕಟ್ಟಲು ಇಟ್ಟ ಬಿದಿರಿನ ಚಂದ್ರಿಕೆ ಹತ್ತಿದವು, ಗೂಡು ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಹೋಯಿತು. ತಿಂಗಳು ತುಂಬಿ ಬೆಕ್ಕು ಮನೆಗೆ ಬಂದ ದಿನ ಎಲ್ಲರಿಗಿಂತ ಹೆಚ್ಚು ಕುಣಿದಾಡಿದವರು ಮಾವ.

ನಿಜವಾದ ತಮಾಷೆ ಶುರುವಾದದ್ದು ಆಮೇಲೆ. ಬೆಕ್ಕಿಗೆ ಡಾಕ್ಟರಾ ಎಂದು ನಕ್ಕವರು ಈಗ ಪ್ರತಿ ಬೆಳೆಗೂ ಬೆಕ್ಕನ್ನು ಡಾಕ್ಟರಿಗೆ ತೋರಿಸುತ್ತಾರೆ. ಗೂಡಿನ ಚೀಲಗಳು ಹೋಗುವ ಆಟೋದಲ್ಲೇ ಅವಳ ಬುಟ್ಟಿ. ಮಾರ್ಕೆಟ್ಟಿನಲ್ಲಿ ಮಾವ, ಆಸ್ಪತ್ರೆಯಲ್ಲಿ ನಾವು. ಕಿವಿ ನೋಡಿ, ಹಲ್ಲು ನೋಡಿ, ಸುಮ್ಮನೆ ಒಂದು ಸಲ ನೋಡಿ ಎಂದು ಅತ್ತೆಯ ವರಾತ.

ಮೊನ್ನೆ ಡಾಕ್ಟರಿಗೆ ಸಾಕಾಯಿತು. "ಅಮ್ಮಾ, ಇವಳು ಗುಂಡುಕಲ್ಲಿನ ಹಾಗಿದಾಳೆ. ವರ್ಷಕ್ಕೊಂದು ಸಲ ತೋರಿಸಿ, ಲಸಿಕೆ ಹಾಕಿಸಿ, ಸಾಕು. ಏನಾದ್ರೂ ಆದ್ರೆ ಮಾತ್ರ ಮಧ್ಯದಲ್ಲಿ ಬನ್ನಿ. ಇಷ್ಟೊಂದು ಸಲ ಯಾಕೆ?"

ನಾನೂ ನಗುತ್ತಾ ಅತ್ತೆಯ ಕಡೆ ನೋಡಿದೆ.

"ಬೆಕ್ಕು ಚೆನ್ನಾಗೈತೆ ಅಂತ ನಂಗೂ ಗೊತ್ತು ಸಾರ್," ಅಂದರು ಅತ್ತೆ, ಬುಟ್ಟಿಯ ಹಗ್ಗ ಬಿಗಿಯುತ್ತಾ. "ಆವತ್ತು ಇದು ಕೆರ್ಕೊಂತಿದ್ರೆ ನಮ್ಮ ಹುಡುಗಿ ಮುದ್ದೇನೆಲ್ಲ ಎಮ್ಮೆಗೆ ಹಾಕ್ತಿದ್ಲು. ಮೇವು ಬಿಟ್ಟ ಮೇಲೆ ಓಡಾಡೋದಲ್ಲ, ಬಿಡೋಕೆ ಮುಂಚೇನೇ ನೋಡ್ಕೋಬೇಕು."

ಯಾರೂ ನೋಡಿಲ್ಲ ಅಂದುಕೊಂಡಿದ್ದೆ. ಕಣ್ಣು ತುಂಬಿ ಬಂತು, ಬೆಕ್ಕಿನ ರೋಮ ಬಿತ್ತೆಂದು ಸುಳ್ಳು ಹೇಳಿ ಉಜ್ಜಿಕೊಂಡೆ. ಆ ದಿನ ಮಧ್ಯಾಹ್ನ ಅತ್ತೆಯ ಎದುರಿಗೇ ಕೂತು ಎರಡು ಮುದ್ದೆ ಉಂಡೆ.