ಇಟಲಿಯಲ್ಲಿ ಬಿಟ್ಟುಬಂದ ಬೆರಳು

ಬೆಳಗಿನ ಐದು ಗಂಟೆ. ಬೇಸ್‌ಬಾಲ್ ತಂಡದಲ್ಲಿ ಬ್ಯಾಟುಗಾರನ ಹಿಂದೆ ಕೂತು ಚೆಂಡು ಹಿಡಿಯುವ ಕ್ಯಾಚರ್ ಎಮಿಲ್ ದುದಾಶ್ ಮೈದಾನದಲ್ಲಿ ಕುಕ್ಕರುಗಾಲಲ್ಲಿ ಕೂರುತ್ತಾನೆ. ಅವನ ಮೊಣಕಾಲುಗಳ ಲಟಲಟ ಸದ್ದಿಗೆ ಹೆಮ್ಲಾಕ್ ಫಾಲ್ಸ್ ಊರಿನ ಅಷ್ಟೂ ಕೋಳಿಗಳು ಬೆಚ್ಚಿ ಕೂಗುತ್ತವೆ. ಗಣಿ ಕೆಲಸದವರು ಗಡಿಯಾರಕ್ಕೆ ಕೀಲಿ ಕೊಡುವುದನ್ನೇ ಬಿಟ್ಟಿದ್ದಾರೆ. ಎದುರಿನಿಂದ ತಂಡದ ಎಸೆತಗಾರ ಲಾಯ್ಡ್ ಪೆಂಗೆಲ್ಲಿ ಚೆಂಡು ಎಸೆಯುತ್ತಾನೆ. ಎಮಿಲ್‌ನ ಗ್ಲೌಸಿನೊಳಗೆ, ಅಂಗೈ ಉಳಿಯಲೆಂದು, ದನದ ಮಾಂಸದ ಹಸಿ ತುಂಡೊಂದಿದೆ.

"ಆ ಏಟಿಗೆ ಅದು ಅರ್ಧ ಬೆಂದೇ ಮನೆಗೆ ಬರತ್ತೆ," ಎನ್ನುತ್ತಾಳೆ ಹೆಂಡತಿ ಓಲ್ಗಾ.

ದಿನಕ್ಕೆ ಇನ್ನೂರು ಸಲ ಕೂತೇಳುತ್ತೇನೆಂದು ಎಮಿಲ್ ಹೇಳುತ್ತಾನೆ. ಶುದ್ಧ ಸುಳ್ಳು, ಸಾವಿರಕ್ಕೆ ಒಂದೂ ಕಡಿಮೆಯಿಲ್ಲ. ಸಂಬಳಕ್ಕೆ ಚೆಂಡು ಹಿಡಿಯತೊಡಗಿ ಹತ್ತು ವರ್ಷವಾದರೂ ಅವನ ಮುಖ ಊರಿಗೆ ಗೊತ್ತಿಲ್ಲ, ಸದಾ ಮುಖಜಾಲರಿಯ ಹಿಂದೆ. ಚಪ್ಪಾಳೆಯೆಲ್ಲ ಎಸೆದವನಿಗೆ. ನಡುವೆ ಮೂರು ವರ್ಷ ಯುದ್ಧಕ್ಕೆ ಹೋದ. ಇಟಲಿಯ ಬೆಟ್ಟಗಳಿಂದ ಗಾಯಾಳುಗಳನ್ನು ಹೊತ್ತಿಳಿಸಿದ. ಅವನು ಹತ್ತಿಳಿದು ಬೆಟ್ಟಗಳೇ ಅರ್ಧ ಸವೆದುಹೋದವು. ಅಲ್ಲೇ ಗುಂಡಿನ ಚೂರೊಂದು ಬಲಗೈಯ ಉಂಗುರದ ಬೆರಳನ್ನು ಹಾರಿಸಿತು.

"ಮದುವೆ ಉಂಗುರಾನೂ ಜತೇಗೇ ಹೋಯ್ತು," ಎನ್ನುತ್ತಾನೆ ಎಮಿಲ್. "ಬೆರಳಿಗೆ ಓಲ್ಗಾ ಅತ್ತಳು. ಉಂಗುರಕ್ಕೆ ಇವತ್ತಿಗೂ ಬೈತಾಳೆ."

ಕ್ಯಾಚರ್ ಬಲಗೈ ಬೆರಳಿನಿಂದಲೇ ಎಸೆತಗಾರನಿಗೆ ಸನ್ನೆ ಮಾಡಬೇಕು. ಒಂದು ಬೆರಳೆಂದರೆ ನೇರ, ಬಿರುಸಿನ ಚೆಂಡು. ಎರಡೆಂದರೆ ಬಾಗುವ ಚೆಂಡು. ತಂಡದ ಯಜಮಾನ ಹಾರ್ಲನ್ ಟಿಬ್ಸ್ ಆ ಕೈ ನೋಡಿ ಮುಖ ಸಿಂಡರಿಸುತ್ತಾನೆ. "ಮುರುಕು ಬಾಚಣಿಗೆ ಹಂಗಿದೆ ಕಣಯ್ಯಾ. ಬುಧವಾರ ಸೋತ್ವೋ, ನಿನ್ನ ಜಾಗಕ್ಕೆ ಬೇರೆಯವನು."

ಬುಧವಾರ. ಕೊನೆಯ ಸರದಿ, ಒಂದೇ ಓಟದ ಮುನ್ನಡೆ, ಇನ್ನೊಬ್ಬ ಔಟಾದರೆ ಗೆಲುವು. ಎದುರಾಳಿಯ ಓಟಗಾರನೊಬ್ಬ ಲಾಯ್ಡನ ಬೆನ್ನ ಹಿಂದೆ, ಎರಡನೆಯ ಬೇಸಿನಲ್ಲಿ ನಿಂತಿದ್ದಾನೆ, ಎಮಿಲ್‌ನ ಬೆರಳುಗಳು ಅವನಿಗೆ ನೇರ ಕಾಣುತ್ತವೆ. ಟೋಪಿ ಮುಟ್ಟಿದರೆ ನೇರ ಚೆಂಡು, ತೊಡೆ ತಟ್ಟಿದರೆ ಬಾಗುವುದು ಎಂದು ತನ್ನ ಬ್ಯಾಟುಗಾರನಿಗೆ ಸುಳಿವು ಕೊಡುತ್ತಿದ್ದಾನೆ. ಎರಡು ಎಸೆತಗಳನ್ನೂ ಬ್ಯಾಟುಗಾರ ರಪ್ಪನೆ ಬಾರಿಸುತ್ತಾನೆ. ಕೂದಲೆಳೆಯಲ್ಲಿ ಎರಡೂ ಪಕ್ಕದ ಗೆರೆಯಾಚೆ ಬಿದ್ದು, ಓಟದ ಬದಲು ಎರಡು ತಪ್ಪುಗಳಾಗುತ್ತವೆ; ಮೂರನೆಯದಕ್ಕೆ ಔಟ್. ಒಂದು ಚೆಂಡು ಈಗಲೂ ಪಕ್ಕದ ಜಿಲ್ಲೆಯಲ್ಲಿ ಉರುಳುತ್ತಿದೆ.

ಎಮಿಲ್‌ಗೆ ಕಳ್ಳತನ ಕಾಣುತ್ತದೆ. ಎಡ ಮೊಣಕೈಯಿಂದ ಮುಖಜಾಲರಿ ಒರೆಸಿಕೊಳ್ಳುತ್ತಾನೆ. ಅವನೂ ಲಾಯ್ಡನೂ ಮಾಡಿಕೊಂಡ ಒಳಒಪ್ಪಂದವದು: ಜಾಲರಿ ಒರೆಸಿದರೆ ಕಳೆದುಹೋದ ಬೆರಳನ್ನೂ ಸೇರಿಸಿ ಎಣಿಸಬೇಕು. ಆಮೇಲೆ ಒಂದೇ ಬೆರಳು ತೋರಿಸುತ್ತಾನೆ.

ಓಟಗಾರ ಟೋಪಿ ಮುಟ್ಟುತ್ತಾನೆ. ಬಿರುಸಿನ ಚೆಂಡೆಂದು ನಂಬಿದ ಬ್ಯಾಟುಗಾರ ಬೀಸಿದ ರಭಸಕ್ಕೆ ಮೊದಲ ಸಾಲಿನವರ ಟೋಪಿಗಳು ಹಾರುತ್ತವೆ. ಚೆಂಡು ಮಾತ್ರ ನಿಧಾನಕ್ಕೆ ಬಾಗಿ, ಬ್ಯಾಟು ಹಾದುಹೋದ ಮೇಲೆ ಎಮಿಲ್‌ನ ಗ್ಲೌಸಿಗೆ ಬಂದು ಕೂರುತ್ತದೆ. ಔಟ್! ಗಣಿಯ ತಳದಲ್ಲಿದ್ದವರಿಗೂ ಆ ಕೂಗು ಕೇಳುತ್ತದೆ.

ಲಾಯ್ಡ್ ಎಲ್ಲರೆದುರು ಗುಟ್ಟು ಬಿಚ್ಚುತ್ತಾನೆ. ಬಿಟ್ಟ ಬಾಯಿ ಮುಚ್ಚಲು ಟಿಬ್ಸ್‌ಗೆ ಎರಡು ನಿಮಿಷ ಬೇಕಾಗುತ್ತದೆ. "ಲೋ ದುದಾಶ್, ಐದೂ ಬೆರಳಿದ್ದಾಗ ಈ ಬುದ್ಧಿ ಎಲ್ಲಿತ್ತೋ? ನಾಳೆ ಬೇಗ ಬಾ. ನಾಡಿದ್ದೂನೂ. ನಾನು ಸಾಯೋವರೆಗೂ!"

ಇನ್ನೇನು ಆಸೆ ಎಂದು ಲಾಯ್ಡ್ ಕೇಳಿದರೆ ಎಮಿಲ್ ತಲೆ ಕೆರೆಯುತ್ತಾನೆ. "ಒಂದು ದಿನ ಓಲ್ಗಾ ಪಕ್ಕ ಕೂತ್ಕೊಂಡು, ಕಡಲೆಕಾಯಿ ತಿಂತಾ, ಮೇಲಿನ ಸೀಟಿಂದ ಆಟ ನೋಡ್ಬೇಕು."

"ಅವತ್ತು ಚೆಂಡು ಯಾರು ಹಿಡೀತಾರೆ?" ಎನ್ನುತ್ತಾಳೆ ಓಲ್ಗಾ.

ಎಮಿಲ್ ಗ್ಲೌಸು ಎತ್ತಿ ಕಂಕುಳಿಗೆ ಸಿಕ್ಕಿಸಿಕೊಳ್ಳುತ್ತಾನೆ.

"ಹೌದಲ್ವಾ... ಹಂಗಾದ್ರೆ ಬೇಡ ಬಿಡು."