ಬೀಗ ತೆಗೆದ ಲೈಬ್ರರಿ

ಆಸ್ಪತ್ರೆಯ ಕಂಪ್ಯೂಟರ್ ವಿಭಾಗದಲ್ಲಿ ಅವಳು ಎಲ್ಲರಿಗೂ ತಾರೀಖಕ್ಕ. ಹನ್ನೆರಡು ವರ್ಷದ ಹಿಂದೆ, ಯಾವ ಪ್ರೋಗ್ರಾಂ ಬೇಕಾದರೂ ಕರೆದು ಬಳಸಿಕೊಳ್ಳಬಹುದಾದ ಪುಟ್ಟ ಕೋಡ್ ಲೈಬ್ರರಿಯೊಂದನ್ನು ಬರೆದು ಅಂತರ್ಜಾಲದಲ್ಲಿ ಇಟ್ಟಿದ್ದಳು. ತಾರೀಖನ್ನು ತಪ್ಪಿಲ್ಲದೆ ಬರೆಯುವುದು, ಅಷ್ಟೇ ಅದರ ಕೆಲಸ. ಎಲ್ಲೆಲ್ಲಿಯವರೋ ಅದನ್ನು ಬಳಸತೊಡಗಿದರು.

ತಾಯಿಗೆ ಲಕ್ವ ಹೊಡೆದ ವರ್ಷ ಅವಳಿಗೆ ಕೈಕಾಲೇ ಆಡಲಿಲ್ಲ. ಎರಡು ವರ್ಷದಿಂದ ಅಂತರ್ಜಾಲದಲ್ಲೇ ಲೈಬ್ರರಿಗೆ ತಿದ್ದುಪಡಿ ಕಳಿಸುತ್ತಿದ್ದ, ಅವಳು ಮುಖವನ್ನೇ ನೋಡಿರದ ಸಹಾಯಕನೊಬ್ಬ, "ನೀವು ಅಮ್ಮನ್ನ ನೋಡ್ಕೊಳ್ಳಿ ಮೇಡಂ, ಇದನ್ನ ನಾನು ನೋಡ್ಕೋತೀನಿ" ಎಂದು ಬರೆದ. ಲೈಬ್ರರಿಯನ್ನು ಅವನ ಕೈಗೊಪ್ಪಿಸಿ ನಿರಾಳವಾಗಿ ಉಸಿರುಬಿಟ್ಟಳು.

ಮರುವರ್ಷ ಒಂದು ಬೆಳಿಗ್ಗೆ ಔಷಧಿ ಕೋಣೆಯ ಮೇಲ್ವಿಚಾರಕ ಅವಳ ಮೇಜಿನ ಮುಂದೆ ಬಂದು ನಿಂತ. ಅರಿವಳಿಕೆ ಮದ್ದಿನ ಬೀರುವನ್ನು ಮೂವತ್ತು ವರ್ಷ ಕಾದ ಮನುಷ್ಯ.

"ತಾರೀಖಕ್ಕ, ಬೀರು ತಾನಾಗೇ ತೆರ್ಕೊಳ್ತು. ನಾನು ಎದುರಿಗೇ ಕೂತಿದ್ದೆ."

"ನೀವೇ ಮರೆತು ಏನಾದ್ರೂ ಒತ್ತಿರ್ಬೇಕು."

"ನನಗಿನ್ನೂ ಅರಳುಮರಳು ಶುರುವಾಗಿಲ್ಲಮ್ಮ."

ಬೀರುವಿನ ಬೀಗ ಆಸ್ಪತ್ರೆಯ ಔಷಧಿ ಪ್ರೋಗ್ರಾಂನ ಅಪ್ಪಣೆಗೆ ಮಾತ್ರ ತೆರೆಯುವಂಥದ್ದು. ದಾಖಲೆ ತೆಗೆದು ನೋಡಿದಳು. ಅಪ್ಪಣೆ ಆ ಪ್ರೋಗ್ರಾಂನ ಒಳಗಿನಿಂದಲೇ ಹೊರಟಿತ್ತು. ಕೊಟ್ಟದ್ದು, ತಾರೀಖಿಗಾಗಿ ಅದು ಕರೆಯುತ್ತಿದ್ದ ಅವಳದೇ ಲೈಬ್ರರಿ.

"ತಾರೀಖು ಬರೆಯೋದಕ್ಕೆ ಬೀಗ ತೆಗೆಯೋ ಅಧಿಕಾರ ಯಾರು ಕೊಟ್ರು?" ಎಂದ ಮೇಲ್ವಿಚಾರಕ.

"ಯಾರೂ ಕೊಡಬೇಕಾಗಿಲ್ಲ. ಅದಕ್ಕೆ ಸ್ವಂತ ಅಧಿಕಾರ ಅಂತ ಇಲ್ಲ. ಕರೆದ ಪ್ರೋಗ್ರಾಂ ಏನೇನು ಮಾಡ್ಬಹುದೋ ಅದೆಲ್ಲ ಇದೂ ಮಾಡ್ಬಹುದು. ಕಂಪ್ಯೂಟರಿಗೆ ಎರಡೂ ಒಂದೇ."

"ಅಂದ್ರೆ ನನ್ನ ಕೀಲಿ ಅದರ ಕೈಲೂ ಇತ್ತು."

"ಮೊದಲಿಂದ್ಲೂ ಇತ್ತು."

ಸಾಲು ಸಾಲಾಗಿ ಓದಿದಳು. ಸಹಾಯಕ ಹೋದ ತಿಂಗಳು ಸೇರಿಸಿದ್ದ ಹನ್ನೊಂದು ಸಾಲುಗಳಿಗೆ ತಾರೀಖಿನ ಗೊಡವೆಯೇ ಇರಲಿಲ್ಲ. ಕರೆದ ಪ್ರೋಗ್ರಾಂನ ಅಧಿಕಾರ ಎಷ್ಟೆಂದು ನೋಡಿಕೊಂಡು, ಹೊರಗಿನ ಆಜ್ಞೆಗೆ ಕಾಯುವುದೇ ಅವುಗಳ ಕೆಲಸ. ಬೀರುವಿನಿಂದ ಒಂದು ಮದ್ದೂ ಕಾಣೆಯಾಗಿರಲಿಲ್ಲ. ತಮ್ಮ ಮಾತು ನಡೆಯುತ್ತದೆಯೇ ಎಂದು ಯಾರೋ ಪರೀಕ್ಷಿಸಿದ್ದರು.

ಆ ಸಹಾಯಕನಿಗೆ ಬರೆದ ಪತ್ರ ವಿಳಾಸವಿಲ್ಲವೆಂದು ಹಿಂದಿರುಗಿತು. ಲೈಬ್ರರಿಯ ಒಡೆತನದಿಂದ ಅವಳ ಹೆಸರನ್ನು ಅವನು ಯಾವಾಗಲೋ ಅಳಿಸಿದ್ದ; ಅದನ್ನು ತಿದ್ದುವ ಹಕ್ಕು ಅವಳಿಗೇ ಉಳಿದಿರಲಿಲ್ಲ.

ಮಧ್ಯಾಹ್ನದೊಳಗೆ ಆಸ್ಪತ್ರೆಯ ಹದಿನಾಲ್ಕು ಪ್ರೋಗ್ರಾಂಗಳಿಂದ ಅದನ್ನು ಕಿತ್ತುಹಾಕಿದಳು. ಉಸಿರಾಟದ ಯಂತ್ರಗಳನ್ನು ನಡೆಸುವ ಪ್ರೋಗ್ರಾಂ ಕೂಡ ಅವುಗಳಲ್ಲಿ ಒಂದು. ಆಮೇಲೆ ತನಗೆ ಗೊತ್ತಿದ್ದ ಬಳಕೆದಾರರಿಗೆಲ್ಲ ಎಚ್ಚರಿಕೆ ಕಳಿಸಿದಳು: "ಬರೆದದ್ದು ನಾನೇ, ಯಾರದೋ ಕೈಗೆ ಕೊಟ್ಟದ್ದೂ ನಾನೇ. ತಕ್ಷಣ ತೆಗೆಯಿರಿ." ರೈಲ್ವೆ ಸಿಗ್ನಲ್ ಕಚೇರಿಯವರು ಅಂದೇ ತೆಗೆದರು. ನೀರು ಶುದ್ಧೀಕರಣ ಘಟಕದ ಎಂಜಿನಿಯರ್ ಫೋನಿನಲ್ಲಿ ನಕ್ಕ.

"ತಾರೀಖು ಬರೆಯೋದು ತಾನೇ ಮೇಡಂ? ಸೋಮವಾರ ನೋಡೋಣ."

"ಅದನ್ನ ಕರೆಯೋ ಪ್ರೋಗ್ರಾಂ ಯಾವುದು?"

ಆ ಕಡೆ ಕೀಲಿಮಣೆ ಒತ್ತುವ ಸದ್ದು ಕೇಳಿಸಿತು.

"ಕ್ಲೋರಿನ್ ವಾಲ್ವ್ ತಿರುಗಿಸೋದು" ಎಂದ ಆತ. ದನಿಯಲ್ಲಿ ನಗು ಇರಲಿಲ್ಲ. ಅರ್ಧ ಗಂಟೆಯೊಳಗೆ ಅವರು ಪ್ರೋಗ್ರಾಂ ನಿಲ್ಲಿಸಿ, ವಾಲ್ವುಗಳನ್ನು ಕೈಯಿಂದಲೇ ತಿರುಗಿಸತೊಡಗಿದರು.

ಉತ್ತರ ಕೊಡದವರು ಇನ್ನೂ ಆರುನೂರಕ್ಕೂ ಹೆಚ್ಚು. ಅವಳು ದಿನಾ ಸಂಜೆ ಕೆಲಸ ಮುಗಿಸಿ ಒಬ್ಬೊಬ್ಬರಿಗೇ ಫೋನ್ ಹಚ್ಚುತ್ತಾಳೆ. ಹೆಚ್ಚಿನವರು ಎತ್ತುವುದಿಲ್ಲ. ಲೈಬ್ರರಿ ಇಟ್ಟಿರುವ ಅಂತರ್ಜಾಲ ತಾಣದವರು "ಪರಿಶೀಲಿಸುತ್ತಿದ್ದೇವೆ" ಎಂದಷ್ಟೇ ಬರೆದಿದ್ದಾರೆ. ಹೋದ ವಾರ ಆ ಸಹಾಯಕನ ಹೆಸರಿನಲ್ಲೇ ಲೈಬ್ರರಿಯ ಹೊಸ ಆವೃತ್ತಿ ಬಂದಿದೆ.