ಅವ್ವನ ಕೋಸಂಬರಿಗೆ ಹಾಕಿದ ಉಪ್ಪು

ಇವತ್ತು ಸೌತೆಕಾಯಿ, ಎಳೆ ಮೆಂತ್ಯಸೊಪ್ಪು ಹೆಚ್ಚಿ ನಿಂಬೆಹಣ್ಣು ಹಿಂಡಿದೆ. ಆ ಹುಳಿ ವಾಸನೆ ಬಂದದ್ದೇ ತಡ, ನರಸೀಪುರದ ಕಡೆಯ ನಮ್ಮ ಹಳ್ಳಿಯ ಅಡುಗೆಮನೆ ಕಣ್ಣೆದುರು ಬಂತು.

ನಾನು ಚಿಕ್ಕವಳಿದ್ದಾಗ ಅಪ್ಪ ಕಾಮಾಲೆಯಾಗಿ ಮಲಗಿದ್ದರು. "ಇವ್ರು ಎದ್ದು ಓಡಾಡೋಗಂಟ ನಾನು ಉಪ್ಪು ಮುಟ್ಟಕ್ಕಿಲ್ಲ" ಎಂದು ಅವ್ವ ನಂಜುಂಡೇಶ್ವರನಿಗೆ ಹರಕೆ ಹೊತ್ತಿದ್ದಳು. ಸಪ್ಪೆ ಅನ್ನ ಗಂಟಲಲ್ಲಿ ಇಳಿಯದೆ ದಿನಾ ಹಸಿ ಸೊಪ್ಪಿನ ಕೋಸಂಬರಿಯನ್ನೇ ತಿನ್ನುತ್ತಿದ್ದಳು. ಅದಕ್ಕೆ ನಿಂಬೆರಸ, ಕಡಲೆಕಾಯಿ ಎಣ್ಣೆ, ಜಜ್ಜಿದ ಹಸಿಮೆಣಸಿನಕಾಯಿ ಕದಡಿ ಕೊಡುವುದು ನನ್ನ ಕೆಲಸ. ಅವಳ ಕೆನ್ನೆ ಒಳಕ್ಕೆ ಹೋಗಿದ್ದನ್ನು ನೋಡಲಾರದೆ ಒಂದು ದಿನ ಆ ರಸದಲ್ಲಿ ಚಿಟಿಕೆ ಉಪ್ಪು ಕರಗಿಸಿಬಿಟ್ಟೆ.

ಮೊದಲ ತುತ್ತಿಗೇ ಅವ್ವನ ಕೈ ನಿಂತಿತು. ನನ್ನ ಮುಖ ನೋಡಿ, "ಸಾಕು ಕಣವ್ವ, ಒಟ್ಟೆ ತುಂಬ್ತು" ಎಂದು ತಟ್ಟೆ ಸರಿಸಿದಳು.

ಆ ವಾರವೇ ಅಪ್ಪ ತೀರಿಕೊಂಡರು. ಹನ್ನೊಂದರ ದಿನ ಅಪ್ಪನ ತಾಯಿ, ನಮ್ಮಜ್ಜಿ, ನೆಂಟರ ಮುಂದೆಯೇ ಅವ್ವನನ್ನು ಕೇಳಿದರು: "ಅರಕೆ ಎಲ್ಲಿ ಕೆಡಿಸ್ದೆ ಯೋಳಮ್ಮಿ? ನನ್ ಮಗನ್ನ ತಿಂದ್ಕೊಂಡ್ಯಲ್ಲ!"

ನಾನು ಬಾಗಿಲ ಮರೆಯಲ್ಲಿ ನಿಂತಿದ್ದೆ. ಅವ್ವ ನನ್ನ ಕಡೆ ತಿರುಗಲೂ ಇಲ್ಲ.

"ನಾಲ್ಗೆ ತಡೀನಿಲ್ಲ ಕಣತ್ತೆ. ನಾನೇ ಉಪ್ಪಾಕ್ಕಂಡು ತಿಂದ್ಬುಟ್ಟೆ."

ಸಾಯುವವರೆಗೂ ಅಜ್ಜಿ ಅವ್ವನ ಕೈಯಿಂದ ನೀರು ಇಸಿದುಕೊಳ್ಳಲಿಲ್ಲ. ನಾನೂ ಬಾಯಿ ಬಿಡಲಿಲ್ಲ. ಚಿಟಿಕೆ ಉಪ್ಪಿಗೆ ಶಿವ ಯಾರ ಪ್ರಾಣವನ್ನೂ ತೆಗೆಯುವುದಿಲ್ಲವೆಂದು ಈಗ ಗೊತ್ತು. ಆದರೂ ನಂಜನಗೂಡಿನಲ್ಲಿ ಅವನೆದುರು ನಿಂತಾಗಲೆಲ್ಲ ನಾನು ಕ್ಷಮೆ ಕೇಳುವುದು ಅವ್ವನನ್ನು.

ಮಕ್ಕಳು ಊಟಕ್ಕೆ ಕೂತಿದ್ದಾರೆ. ಕೋಸಂಬರಿ ಬಡಿಸಿ, ಉಪ್ಪಿನ ಬಟ್ಟಲನ್ನು ಅವರ ಮುಂದಿಟ್ಟಿದ್ದೇನೆ. ಇನ್ನೊಬ್ಬರ ತಟ್ಟೆಗೆ ನಾನು ಉಪ್ಪು ಹಾಕುವುದಿಲ್ಲ.